ರೊಪ್ಪದ ಹೊರಗೆ ಬಿಟ್ಟ ಚಪ್ಪಲಿ

ನಮ್ಮ ಶಾಸಕರ ರಾಜಕೀಯವನ್ನು ನಾನು ಅವರ ಚಪ್ಪಲಿಗಳಿಂದ ಬಲ್ಲೆ. ಬೇರೆಯವರು ಅವರನ್ನು ಭಾಷಣದಿಂದಲೋ, ಅವರು ಹಾಕಿಸಿದ ಕೊಳವೆಬಾವಿಗಳಿಂದಲೋ, ಎಷ್ಟು ಸಲ ಗೆದ್ದರು ಎನ್ನುವುದರಿಂದಲೋ ಬಲ್ಲರು. ನಾನು ಹೆಣ್ಣಾಗಿ ಹುಟ್ಟಿದ್ದರಿಂದ ಪ್ರತಿ ಚುನಾವಣೆಯಲ್ಲೂ ಅವರ ಚಪ್ಪಲಿಗಳ ಪಕ್ಕದಲ್ಲಿ ನಿಂತಿದ್ದೆ.

ನಮ್ಮದು ಮೊಳಕಾಲ್ಮುರು ತಾಲ್ಲೂಕಿನಲ್ಲಿ, ದೇವಸಮುದ್ರದ ಕಡೆಗೆ ಇರುವ ಒಂದು ಹಟ್ಟಿ. ಹಟ್ಟಿಯ ಮೂಡಲಿಗೆ ಜಾಲಿಮುಳ್ಳಿನ ಬೇಲಿ ಹಾಕಿದ ದೊಡ್ಡಿ ಇತ್ತು. ಅದಕ್ಕೆ ನಾವು ರೊಪ್ಪ ಅನ್ನುತ್ತೇವೆ. ಒಳಗಿದ್ದವು ದೇವರ ಎತ್ತುಗಳು. ಅವನ್ನು ಉಳುವುದಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ, ಸತ್ತರೆ ಮನುಷ್ಯರನ್ನು ಹೂಳಿದ ಹಾಗೆ ಹೂಳುತ್ತಾರೆ. ರೊಪ್ಪದೊಳಕ್ಕೆ ಗಂಡಸರು ಬರಿಗಾಲಲ್ಲಿ ಹೋಗುತ್ತಿದ್ದರು. ಹೆಂಗಸರು ಹೋಗುವಂತಿರಲಿಲ್ಲ. ಬಾಗಿಲಿನ ಪಕ್ಕದಲ್ಲಿ ಒಂದು ಬೇವಿನ ಮರವಿತ್ತು, ನಮ್ಮ ಜಾಗ ಅದರ ಕೆಳಗೆ, ಗಂಡಸರು ಬಿಟ್ಟುಹೋದ ಚಪ್ಪಲಿಗಳ ಜೊತೆ.

ನಾಮಪತ್ರ ಸಲ್ಲಿಸುವ ಮೊದಲು ಶಾಸಕರು ನಮ್ಮ ಹಟ್ಟಿಗೆ ಬಂದು ಮಾತು ತಗೊಂಡು ಹೋಗುವುದು ವಾಡಿಕೆ. ಮಾತು ಅಂದರೆ ಇಷ್ಟು: ಹಟ್ಟಿಯ ಪರವಾಗಿ ಒಬ್ಬ ಗಂಡಸು ಹಿಂಡಿನ ಮುಂದಿನ ಎತ್ತಿನ ಬೆನ್ನ ಮೇಲೆ ಬಲಗೈ ಇಟ್ಟು, ಈ ಸಲವೂ ನಿಮಗೇ ಅನ್ನುತ್ತಾನೆ. ಅದಾದ ಮೇಲೆ ಶಾಸಕರೂ ಅದೇ ಎತ್ತಿನ ಮೇಲೆ ಕೈ ಇಟ್ಟು, ದೊಡ್ಡಉಳ್ಳಾರ್ತಿಯ ಕಡೆಯ ಕಾವಲು ಬೇಸಿಗೆಯಲ್ಲಿ ನಿಮ್ಮ ಎತ್ತುಗಳಿಗೆ ಮುಚ್ಚುವುದಿಲ್ಲ ಅನ್ನುತ್ತಾರೆ. ಆ ಹುಲ್ಲುಗಾವಲಿಗೆ ನಮ್ಮ ಕಿಲಾರಿ, ಅಂದರೆ ದೇವರ ಎತ್ತು ಕಾಯುವವನು, ದಿನಗಟ್ಟಲೆ ನಡೆದು ಹೋಗಬೇಕಿತ್ತು. ಅದನ್ನು ಮುಚ್ಚುವುದು ಬಿಡುವುದು ನಮ್ಮ ಶಾಸಕರ ಕೈಯಲ್ಲಿ ಇತ್ತೇ ಎಂದು ನನಗೀಗ ಅನುಮಾನ. ಆಗ ಯಾರಿಗೂ ಇರಲಿಲ್ಲ. ಹಟ್ಟಿಯ ಪರವಾಗಿ ಕೈ ಇಡುತ್ತಿದ್ದವನು ನನ್ನ ಅಪ್ಪ.

ಅಪ್ಪನಿಗೆ ಆ ಅಧಿಕಾರ ಬಂದದ್ದು ಅಕ್ಷರದಿಂದ. ಹಟ್ಟಿಯಲ್ಲಿ ಮೊದಲು ಹೈಸ್ಕೂಲು ಮುಟ್ಟಿದವನು ಅವನು. ಶೇಂಗಾ ಹೊಲ, ಒಂದಿಷ್ಟು ಕುರಿ ಬಿಟ್ಟರೆ ಅವನ ದೊಡ್ಡ ಕೆಲಸವೆಂದರೆ ಮತದಾರರ ಪಟ್ಟಿ. ಸತ್ತವರ ಹೆಸರು ಹೊಡೆಸುವುದು, ಮದುವೆಯಾಗಿ ಬಂದವರನ್ನು ಸೇರಿಸುವುದು, ಚೀಟಿ ಬರೆದು ಮನೆಮನೆಗೆ ಹಂಚುವುದು, ಮತದಾನದ ದಿನ ಶಾಲೆಯೊಳಗೆ ಏಜೆಂಟನಾಗಿ ಕೂತು ಬಂದವರ ಹೆಸರಿಗೆ ಪೆನ್ಸಿಲಿನಲ್ಲಿ ಗೀಟು ಹಾಕುವುದು. ಹಟ್ಟಿಯಲ್ಲಿ ಎಷ್ಟು ಗಂಡು, ಎಷ್ಟು ಹೆಣ್ಣು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ. ಈ ಮಾತು ಮುಂದೆ ಬೇಕಾಗುತ್ತದೆ.

ನಾನು ಮೊದಲು ನೋಡಿದ ಚಪ್ಪಲಿ ಟೈರಿನ ಅಟ್ಟೆಯದು, ಹಿಮ್ಮಡಿಯ ಹತ್ತಿರ ಮೊಳೆ ಬಡಿದದ್ದು. ಹಾಗೆಂದು ಬಹಳ ಜನರಿಗೆ ಹೇಳಿದ್ದೇನೆ. ಆದರೆ ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಶಾಸಕ ಸಾಹೇಬರು ಜೀಪಿನಲ್ಲಿ ಬರುತ್ತಿದ್ದರು, ಟೈರಿನ ಚಪ್ಪಲಿ ಮೆಟ್ಟುವ ಕಾಲ ಅವರಿಗೆ ಮುಗಿದಿತ್ತು. ಬಸ್ಸಿಳಿದು ಎರಡು ಮೈಲಿ ನಡೆದು ಬಂದು, ಬಾಗಿಲಲ್ಲಿ ಕಾಲಿನ ಮುಳ್ಳು ಕಿತ್ತುಕೊಂಡು ಒಳಗೆ ಹೋದ ಅವರ ಮೊದಲ ಚುನಾವಣೆಯನ್ನು ಅವ್ವ ಎಷ್ಟು ಸಲ ಹೇಳಿದ್ದಳೆಂದರೆ ಅದು ನನ್ನ ಕಣ್ಣಿಗೇ ಬಂದು ಕೂತಿರಬೇಕು. ನಾನು ಖಂಡಿತ ನೋಡಿದ್ದು ಕಂದು ಚರ್ಮದ, ಹೆಬ್ಬೆರಳಿಗೆ ಉಂಗುಷ್ಟವಿದ್ದ ಚಪ್ಪಲಿ. ಅದರ ಮುಂದಿನ ಸಲ, ನಾನು ಚಳ್ಳಕೆರೆಯ ಕಾಲೇಜಿನಲ್ಲಿದ್ದಾಗ, ಹೊಳೆಯುವ ಚಪ್ಪಲಿ ಬಂತು. ಅದನ್ನು ಕಾಯಲಿಕ್ಕೆಂದೇ ಒಬ್ಬ ಆಳು ನಮ್ಮ ಜೊತೆ ಬೇವಿನ ಕೆಳಗೆ ನಿಂತಿದ್ದ. ಅವನಿಗೆ ನಮ್ಮ ಮುದುಕಿಯೊಬ್ಬಳು ಹೇಳಿದಳು:

"ಏನ್ ಕಾಯ್ತೀಯಪ್ಪಾ ಅದನ್ನ, ನಮ್ ಹಟ್ಟೀಲಿ ಅಷ್ಟುದ್ದ ಕಾಲು ಯಾರಿಗೈತೆ."

ಆ ಸಲವೂ ಸಾಹೇಬರು ಗೆದ್ದರು. ಆಗೆಲ್ಲ ಓಟಿನ ಚೀಟಿಗಳನ್ನು ಹತ್ತಾರು ಊರಿನವು ಕಲಸಿ ಎಣಿಸುತ್ತಿದ್ದರು. ಯಾವ ಹಟ್ಟಿಯಿಂದ ಎಷ್ಟು ಬಂತು ಎಂದು ಯಾರೂ ಹೇಳುವಂತಿರಲಿಲ್ಲ. ನಾವು ಮಾತು ಕೊಟ್ಟಿದ್ದೆವು, ಅವರು ಗೆದ್ದಿದ್ದರು, ಆದ್ದರಿಂದ ನಾವು ಮಾತು ಉಳಿಸಿಕೊಂಡಿದ್ದೆವು. ಹಾಗೆ ಲೆಕ್ಕ.

ಓಟಿನ ಯಂತ್ರ ಬಂದ ಸಲ ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ರಜೆ ಇತ್ತು, ಊರಿಗೆ ಬಂದಿದ್ದೆ. ಆ ವರ್ಷ ದಿನಚರಿ ಬರೆಯುತ್ತಿದ್ದೆ. ಚಳ್ಳಕೆರೆಯ ಎಣ್ಣೆ ಗಿರಣಿಯವರು ಗಿರಾಕಿಗಳಿಗೆ ಕೊಡುತ್ತಿದ್ದ ದಪ್ಪ ರಟ್ಟಿನ ಪುಸ್ತಕ ಅದು, ಅಪ್ಪನಿಗೆ ಕೊಟ್ಟದ್ದನ್ನು ನಾನು ತಗೊಂಡಿದ್ದೆ. ಈಗ ಅದು ನನ್ನ ಮುಂದಿದೆ. ನನಗೆ ಮುಖ್ಯವಾದ ಯಾವುದೂ ಅದರಲ್ಲಿಲ್ಲ. ಮತದಾನದ ದಿನದ ಪುಟದಲ್ಲಿ ಹೀಗಿದೆ: "ಬೆಳಿಗ್ಗೆ ಓಟು ಹಾಕಿದೆವು. ವಿಪರೀತ ಸೆಕೆ. ಮಧ್ಯಾಹ್ನ ಅಂಬಲಿ, ಮಜ್ಜಿಗೆ." ಇಷ್ಟು ಓದಿದವಳು ಇಷ್ಟೇ ಬರೆದಳೆಂದರೆ ಏನನ್ನೋ ಬರೆಯಬಾರದು ಎಂದು ಕೂತಿರಬೇಕು.

ಆ ಸಲ ಸಾಹೇಬರಿಗೆ ಮಂಡಿನೋವು. ಮಾತು ತಗೊಳ್ಳಲು ಅವರ ಮಗ ಬಂದ. ಬೂಟು ಬಿಚ್ಚಿ ಬಾಗಿಲಲ್ಲಿಟ್ಟ, ಕಾಲುಚೀಲ ಬಿಚ್ಚಲಿಲ್ಲ. ಹಾಗೇ ಒಳಗೆ ನಡೆದ. ಚಪ್ಪಲಿ ಕಾಯುವವನನ್ನು ಹಾಸ್ಯ ಮಾಡಿದ್ದ ಅದೇ ಮುದುಕಿ ನನ್ನ ಕಿವಿಯ ಹತ್ತಿರ ಬಂದು, ಕಾಲಿಗೂ ಅಂಗಿ ಹೊಲಿಸ್ಕೊಂಡೌನಲ್ಲೇ ಅಂದಳು. ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದರು. ಒಳಗಿದ್ದ ಗಂಡಸರು ನೋಡಿಯೂ ನೋಡದಂತಿದ್ದರು. ಬೇಲಿಯ ಸಂದಿನಿಂದ ನಾನು ಅಪ್ಪನ ಕೈ ನೋಡಿದೆ. ಎತ್ತಿನ ಬೆನ್ನ ಮೇಲೆ ಅಂಗೈ ಪೂರ್ತಿ ಊರಿತ್ತು.

ಮತದಾನಕ್ಕೆ ಎರಡು ದಿನ ಮೊದಲು, ಸಂಜೆ, ಒಂದು ಟೆಂಪೊ ಬಂತು. ಹಟ್ಟಿಗೆ ಊಟ ಕೊಡುವುದು ಹೊಸದೇನಲ್ಲ. ಸಾಹೇಬರು ಪ್ರತಿ ಸಲ ಕುರಿ ಕಳಿಸುತ್ತಿದ್ದರು, ಇಲ್ಲವಾದರೆ ಬೆಲ್ಲ, ಅಕ್ಕಿ. ಅದನ್ನು ನಮ್ಮವರೇ ದೇವರ ಕೊಪ್ಪರಿಗೆಯಲ್ಲಿ ಬೇಯಿಸುತ್ತಿದ್ದರು. ಆ ಎರಡು ದೊಡ್ಡ ತಾಮ್ರದ ಕೊಪ್ಪರಿಗೆಗಳು ಹಟ್ಟಿಯ ಗುಡಿಯ ಪಕ್ಕದ ಕೋಣೆಯಲ್ಲಿರುತ್ತಿದ್ದವು, ಬೀಗದ ಕೈ ಅಪ್ಪನ ಬಳಿ. ಈ ಸಲ ಮಗನ ಕಡೆಯವರು ಪಟ್ಟಣದ ಹೋಟೆಲಿನಲ್ಲಿ ಮಾಡಿಸಿದ ಅನ್ನವನ್ನು ಮುಚ್ಚಿದ ಡಬರಿಗಳಲ್ಲಿ ತಂದಿದ್ದರು. ಡಬರಿಗಳು ಇನ್ನೊಂದು ಊರಿಗೂ ಬೇಕು, ಬೇಗ ಸುರುವಿಕೊಳ್ಳಿ ಎಂದು ಡ್ರೈವರು ಅವಸರ ಮಾಡಿದ. ಅಪ್ಪ ಕೋಣೆಯ ಬೀಗ ತೆಗೆದು ಕೊಪ್ಪರಿಗೆ ಹೊರಗೆ ಹಾಕಿಸಿ, ಚೀಟಿ ಹಂಚುವುದಿತ್ತೆಂದು ಹೋದ. ಸುರುವಿದರು. ಅದು ಕೋಳಿ ಬಿರಿಯಾನಿ.

ಹೊರಗಿನವರಿಗೆ ಇದು ಏನೂ ಅಲ್ಲ ಎಂದು ನನಗೆ ಗೊತ್ತು. ನಮ್ಮ ಹಟ್ಟಿಯಲ್ಲಿ ಕೋಳಿ ತಿನ್ನುವುದಿಲ್ಲ, ಸಾಕುವುದಿಲ್ಲ. ಬೇರೆ ಊರಿನ ಕೋಳಿ ದಾರಿ ತಪ್ಪಿ ಬಂದರೂ ಮಕ್ಕಳು ಓಡಿಸಿಕೊಂಡು ಗಡಿ ದಾಟಿಸುತ್ತಿದ್ದರು. ನಾನೇ ಮೈಸೂರಿನ ಹಾಸ್ಟೆಲಿನಲ್ಲಿ ಎರಡು ವರ್ಷ ಭಾನುವಾರದ ಕೋಳಿಸಾರನ್ನು ಪಕ್ಕದವಳ ತಟ್ಟೆಗೆ ಹಾಕಿದ್ದೆ, ನಂಬಿಕೆಯಿಂದಲ್ಲ, ಗಂಟಲು ಒಪ್ಪದೆ. ಅಂಥ ಹಟ್ಟಿಯಲ್ಲಿ ದೇವರ ಕೊಪ್ಪರಿಗೆಗೆ ಕೋಳಿ ಬಿದ್ದಿತ್ತು. ಸಾಹೇಬರು ಆಗಿದ್ದರೆ ಹೀಗೆ ಆಗುತ್ತಿರಲಿಲ್ಲ. ಅಷ್ಟೂ ವರ್ಷ ಅವರ ಕಡೆಯಿಂದ ತಪ್ಪು ಬಂದೇ ಇರಲಿಲ್ಲ. ಅದಕ್ಕೇ ಅಪ್ಪ ಮುಚ್ಚಳ ಎತ್ತಿ ನೋಡಲಿಲ್ಲ.

ಅನ್ನವನ್ನು ಹೊಲದಾಚೆ ಗುಂಡಿ ತೆಗೆದು ಮುಚ್ಚಿದರು. ಗಂಡಸರು ಗುಡಿಯ ಮುಂದೆ ಕೂತು ತೀರ್ಮಾನ ಮಾಡಿದರು: ಇದು ಹೊರಗೆ ಹೋಗಬಾರದು, ಸಾಹೇಬರ ಕಿವಿಗೂ ಬೀಳಬಾರದು, ಅವರಿಗೆ ಅವಮಾನ, ನಮಗೂ ಅವಮಾನ, ಎತ್ತಿನ ಮೇಲೆ ಕೊಟ್ಟ ಮಾತು ಕೊಟ್ಟ ಹಾಗೇ. ಹೆಚ್ಚು ಒತ್ತಿ ಹೇಳಿದವನು ಅಪ್ಪ. ಬೀಗ ತೆಗೆದವನು ಅವನೇ ಆದ್ದರಿಂದ ಅವನಿಗೆ ಮುಚ್ಚುವ ಅವಸರ ಜಾಸ್ತಿ ಇತ್ತು ಎಂದು ಆಗಲೇ ನನಗೆ ಅನ್ನಿಸಿತ್ತೋ, ಈಗ ಅನ್ನಿಸುತ್ತಿದೆಯೋ ಗೊತ್ತಿಲ್ಲ. ಕೊಪ್ಪರಿಗೆ ತೊಳೆಯುವ ಕೆಲಸ ಹೆಂಗಸರಿಗೆ ಬಂತು. ಮರುದಿನ ಇಡೀ ದಿನ, ಆ ಬಿಸಿಲಲ್ಲಿ, ಬೂದಿ, ಹುಣಸೆಹಣ್ಣು, ಗಂಜಲ ಹಾಕಿ ಏಳು ಸಲ ಉಜ್ಜಿದೆವು. ಏಳು ಸಲ ಅಂದದ್ದು ಹಟ್ಟಿಯ ಯಜಮಾನ. ನೀರನ್ನೂ ನಾವೇ ಹೊತ್ತೆವು. ಅವ್ವನ ಬೆರಳ ಸಂದಿಗಳು ಹುಣಸೆಹುಳಿಗೆ ಒಡೆದಿದ್ದವು. ಯಾರೂ ಬೈಯಲಿಲ್ಲ. ನಮ್ಮ ಮುದುಕಿಯರಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. ಅವತ್ತು ತೆಲುಗೂ ಬರಲಿಲ್ಲ.

ಅದರ ಮರುದಿನ ಬೆಳಿಗ್ಗೆ ಶಾಲೆಯ ಕಡೆ ನಡೆಯುವಾಗ ಅವ್ವ ನನ್ನನ್ನು ನೋಡದೆ ಹೇಳಿದಳು:

"ನಾವ್ ಹೆಣ್ಮಕ್ಳು ಮೂರನೇದು ಒತ್ತೋದು. ನಿಮ್ಮಪ್ಪಂಗೆ ಹೇಳ್ಬ್ಯಾಡ."

ಸಾಹೇಬರ ಗುರುತು ಮೊದಲನೆಯದು. ನಾನು ಮೂರನೆಯದು ಒತ್ತಿದೆ. ಏಕೆ ಒತ್ತಿದೆ ಎಂದು ಬೇರೆ ಬೇರೆ ಕಾಲದಲ್ಲಿ ನನಗೆ ನಾನು ಬೇರೆ ಬೇರೆ ಕಾರಣ ಹೇಳಿಕೊಂಡಿದ್ದೇನೆ. ಬೇವಿನ ಕೆಳಗೆ ನಿಂತವರ ಪರವಾಗಿ ಒತ್ತಿದೆ ಎನ್ನುವುದು ಬಹಳ ಚೆಂದದ ಕಾರಣ, ಅದಕ್ಕೇ ಅದರ ಮೇಲೆ ನನಗೆ ನಂಬಿಕೆ ಕಡಿಮೆ. ಅವ್ವನ ಒಡೆದ ಬೆರಳು ಇರಬಹುದು. ಅಪ್ಪನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎನ್ನುವ ಸಣ್ಣ ಸುಖವೂ ಇರಬಹುದು. ಯಂತ್ರ ಉದ್ದಕ್ಕೆ ಕೂಗಿತು. ಹೊರಗೆ ಬರುವಾಗ ಅಪ್ಪ ತಲೆ ಎತ್ತದೆ ನನ್ನ ಹೆಸರಿಗೆ ಗೀಟು ಹಾಕಿದ.

ಸಾಹೇಬರು ಆ ಸಲವೂ ಗೆದ್ದರು, ಆದರೆ ಕೂದಲೆಳೆಯಲ್ಲಿ. ವಾರ ಕಳೆದ ಮೇಲೆ ಚಳ್ಳಕೆರೆಯ ಪ್ರವಾಸಿ ಮಂದಿರಕ್ಕೆ ಬರಬೇಕೆಂದು ಹೇಳಿಕಳಿಸಿದರು. ಅಪ್ಪ ಮತ್ತು ಹಟ್ಟಿಯ ಯಜಮಾನ ಬರಬೇಕು, ಓದಿದ ಮಗಳು ಊರಲ್ಲಿದ್ದರೆ ಅವಳೂ ಬರಲಿ. ನನ್ನ ಕೆಲಸ ಖಾಯಂ ಆಗುವ ವಿಚಾರವಿರಬಹುದು ಎಂದು ಅಪ್ಪ ಹಿಗ್ಗಿದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ.

ಅಲ್ಲಿ ಸಾಹೇಬರು ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಚಹಾ ತರಿಸಿದರು, ಮಳೆ ವಿಚಾರಿಸಿದರು, ಎತ್ತುಗಳನ್ನು ಒಂದೊಂದಾಗಿ ಕೇಳಿದರು. ಆಮೇಲೆ ಒಂದು ಹಾಳೆ ನನ್ನ ಕಡೆ ಚಾಚಿದರು. ಯಂತ್ರ ಬಂದ ಮೇಲೆ ಪ್ರತಿ ಮತಗಟ್ಟೆಯ ಲೆಕ್ಕ ಬೇರೆ ಬೇರೆ ಸಿಗುತ್ತಿತ್ತು, ಅದನ್ನು ಯಾರೋ ಇಂಗ್ಲಿಷಿನಲ್ಲಿ ಟೈಪು ಮಾಡಿದ್ದರು. ಅದನ್ನು ಓದಬಲ್ಲ ಸಹಾಯಕ ಅವರ ಪಕ್ಕದಲ್ಲೇ ನಿಂತಿದ್ದ. ಆದರೂ ಅವರು ನನಗೆ ಹೇಳಿದರು:

"ನಿಮ್ ಬೂತಿಂದು ನೀನೇ ಓದವ್ವಾ. ನಿಮ್ಮಪ್ಪ ಕೇಳಲಿ."

ಅಷ್ಟು ಚುನಾವಣೆ ಕಂಡ ಮನುಷ್ಯನಿಗೆ ಯಾವ ಮಾತನ್ನು ಯಾರ ಬಾಯಿಂದ ಹೇಳಿಸಬೇಕು ಎಂದು ಗೊತ್ತಿತ್ತು. ನಾನು ಓದಿದೆ. ಆ ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ, ನನ್ನ ತಲೆಯಲ್ಲಿರುವುದು ಸರಿಯೆಂಬ ಭರವಸೆ ನನಗಿಲ್ಲ. ಹಟ್ಟಿಯ ಓಟಿನಲ್ಲಿ ಅವರಿಗೆ ಬಿದ್ದದ್ದು ಸುಮಾರು ಅರ್ಧ ಎಂಬುದು ಮಾತ್ರ ಚೆನ್ನಾಗಿ ನೆನಪಿದೆ. ಓದುವಾಗಲೇ ನನಗೆ ತಿಳಿಯಿತು, ಅರ್ಧ ಅಂದರೆ ಗಂಡಸರು. ಅವರು ಮಾತು ಉಳಿಸಿಕೊಂಡಿದ್ದರು.

ಯಜಮಾನ ಕೈಯಲ್ಲಿದ್ದ ಚಹಾ ಕೆಳಗಿಟ್ಟ. ಅಪ್ಪ ಹಾಳೆಯನ್ನೇ ನೋಡುತ್ತಿದ್ದ, ಅವನಿಗೆ ಅಂಕಿ ಓದಲು ಇಂಗ್ಲಿಷ್ ಬೇಕಿರಲಿಲ್ಲ. ಸಾಹೇಬರು ದನಿ ಏರಿಸಲಿಲ್ಲ.

"ನಾನೇನು ಕೇಳಾಕಿಲ್ಲಪ್ಪ. ಕೇಳೋದಾದ್ರೆ ನಿಮ್ ಎತ್ತೇ ಕೇಳ್ತಾವೆ."

ಆಗ ನಾನು ಬಾಯಿ ಬಿಡಬಹುದಿತ್ತು. ಕೊಪ್ಪರಿಗೆ ಎಂಬ ಒಂದು ಮಾತು ಸಾಕಿತ್ತು. ಹೇಳಿದ್ದರೆ ಅಪ್ಪ ಉಳಿಯುತ್ತಿದ್ದ, ಅವ್ವ ಸಿಕ್ಕಿಬೀಳುತ್ತಿದ್ದಳು, ಜೊತೆಗೆ ನಾನೂ. ನಾನು ಹಾಳೆಯನ್ನು ಮಡಿಸಿ ಸಹಾಯಕನ ಕೈಗೆ ಕೊಟ್ಟೆ. ಮಡಿಸಿದ್ದು ಬಹಳ ನೀಟಾಗಿ ಎಂದು ನೆನಪು.

ವಾಪಸು ಬರುವಾಗ ಬಸ್ಸಿನಲ್ಲಿ ಯಜಮಾನ ಮುಂದೆ ಎಲ್ಲೋ ಹೋಗಿ ಕೂತ. ಬಿ.ಜಿ. ಕೆರೆ ದಾಟಿದ ಮೇಲೆ ಅಪ್ಪ ಆ ಸಂಖ್ಯೆ ಇನ್ನೊಂದು ಸಲ ಹೇಳು ಅಂದ. ಹೇಳಿದೆ. ಬೆರಳ ಗಿಣ್ಣುಗಳ ಮೇಲೆ ಹೆಬ್ಬೆರಳು ಆಡಿಸುತ್ತ ಕಿಟಕಿಯಾಚೆ ನೋಡಿದ.

"ಮನೇಲಿ ಹೇಳ್ಬ್ಯಾಡ," ಅಂದ.

ಹಟ್ಟಿಯೆಲ್ಲ ನಾಳೆ ಆಡಿಕೊಳ್ಳುವುದನ್ನು ಮನೆಯಲ್ಲಿ ಹೇಳಬಾರದು ಎಂದರೆ ಏನರ್ಥ? ಎರಡು ದಿನದ ಅಂತರದಲ್ಲಿ ಅವ್ವ ಅಪ್ಪನಿಗೆ ಹೇಳಬೇಡ ಅಂದಿದ್ದಳು, ಅಪ್ಪ ಅವ್ವನಿಗೆ ಹೇಳಬೇಡ ಅಂದ. ಹೀಗೆ ಬರೆದುಬಿಟ್ಟೆ, ಎರಡು ದಿನ ಅಲ್ಲ, ನಡುವೆ ಹತ್ತು ಹದಿನೈದು ದಿನವಿತ್ತು. ನೆನಪು ಎರಡನ್ನೂ ಹತ್ತಿರ ತಂದು ಜೋಡಿಸಿಕೊಂಡಿದೆ.

ರೊಪ್ಪದ ಮುಂದೆ ಗಂಡಸರು ಕೂಡಿದರು. ಎತ್ತಿನ ಮೇಲೆ ಕೈ ಇಟ್ಟವನು ಉತ್ತರ ಕೊಡಬೇಕು ಎಂದರು. ಯಾರ ಯಾರ ಓಟು ಎಲ್ಲಿಗೆ ಹೋಯಿತು ಹೇಳು ಅಂದರು. ಪಟ್ಟಿ ಅವನ ಬಳಿ ಇತ್ತು, ಎಷ್ಟು ಗಂಡು, ಎಷ್ಟು ಹೆಣ್ಣು ಎಂದು ಓದಿದ್ದರೆ ಅಲ್ಲಿದ್ದ ಕುರಿ ಎಣಿಸುವವನಿಗೂ ಅರ್ಥವಾಗುತ್ತಿತ್ತು. ಅಪ್ಪ ಪಟ್ಟಿ ತರಲೇ ಇಲ್ಲ. ಕೈ ನಂದು, ನೀವು ಹೇಳಿದಂಗೆ ಅಂದ. ಅವನು ಇನ್ನು ರೊಪ್ಪದೊಳಕ್ಕೆ ಕಾಲಿಡಬಾರದು, ಮುಂದಿನ ಮಾತಿನ ಹೊತ್ತಿಗೆ ನೋಡೋಣ ಎಂದು ಯಜಮಾನ ತೀರ್ಪು ಹೇಳಿದ. ಬೇವಿನ ಕೆಳಗೆ ಹೆಂಗಸರೆಲ್ಲ ನಿಂತಿದ್ದೆವು. ಅವ್ವ ನೆಲ ನೋಡುತ್ತಿದ್ದಳು.

ಇದು ಅಪ್ಪನಿಗೆ ಎಂಥ ಪೆಟ್ಟು ಎಂದು ಹೇಳಬೇಕಾದರೆ ಅವನ ಬೆಳಗನ್ನು ಹೇಳಬೇಕು. ನನಗೆ ಬುದ್ಧಿ ಬಂದಾಗಿನಿಂದ ಅವನು ಎದ್ದು ಬಾಯಿ ಮುಕ್ಕಳಿಸಿ ನೇರ ರೊಪ್ಪಕ್ಕೆ ಹೋಗುತ್ತಿದ್ದ. ಎತ್ತುಗಳ ಮೈ ಸವರಿ, ಉಣ್ಣೆ ಹುಳ ಕಿತ್ತು, ಕಿಲಾರಿಯ ಜೊತೆ ಒಂದು ಬೀಡಿ ಸೇದಿ ಬಂದ ಮೇಲೇ ಮನೆಯಲ್ಲಿ ಮಾತು ಶುರು. ಈಗಲೂ ಅದೇ ಹೊತ್ತಿಗೆ ಎದ್ದು ಹೋಗುತ್ತಿದ್ದ, ಬೇವಿನ ತನಕ. ಮುಂದಿನ ಎತ್ತು ಬೇಲಿಯ ಹತ್ತಿರ ಬಂದು ಮೂತಿ ಚಾಚುತ್ತಿತ್ತು. ಮುಳ್ಳಿನ ಮೇಲಿಂದ ಕೈ ಹಾಕಿದರೆ ಸಿಗುತ್ತಿತ್ತು. ಅವನು ಹಾಕುತ್ತಿರಲಿಲ್ಲ.

ಜನ ಸುಮ್ಮನಿರಲಿಲ್ಲ. ಅಪ್ಪ ವಿರೋಧಿಗಳ ಕಡೆಯಿಂದ ಏನೋ ತಗೊಂಡಿದ್ದಾನೆ, ಮಗಳ ನೌಕರಿಗೆ ಕೈ ಬಿಸಿ ಮಾಡಬೇಕಲ್ಲ ಎಂದರು. ಆಮೇಲೆ ಇನ್ನೊಂದು ಮಾತು ಹುಟ್ಟಿತು: ಅವತ್ತು ಅವನು ಕೈ ಇಟ್ಟೇ ಇರಲಿಲ್ಲ, ಎತ್ತಿನ ಮೇಲೆ ಒಂದು ಬೆರಳಷ್ಟು ಗಾಳಿಯಲ್ಲಿ ಹಿಡಿದಿದ್ದ, ಮಾತು ತಪ್ಪಿದರೂ ತಟ್ಟದಿರಲಿ ಎಂದು. ರಜೆಗೆ ಬಂದಾಗಲೆಲ್ಲ ಈ ಮಾತು ನನ್ನ ಕಿವಿಗೆ ಬೀಳುತ್ತಿತ್ತು. ಒಂದು ದಿನ ಚಿತ್ರದುರ್ಗದ ನನ್ನ ಕೋಣೆಯಲ್ಲಿ ಅಪ್ಪನ ಕೈಯನ್ನು ನೆನೆಯಲು ಕೂತೆ. ಬೇಲಿಯ ಸಂದು, ಎತ್ತಿನ ಬೆನ್ನು, ಅಂಗೈ. ಅಂಗೈಗೂ ಬೆನ್ನಿಗೂ ನಡುವೆ ಬೆಳಕು ಕಂಡಿತು. ಪೂರ್ತಿ ಊರಿದ ಕೈಯನ್ನು ಕಣ್ಣಾರೆ ಕಂಡ ನಾನೇ, ಜನರ ಬಾಯಲ್ಲಿ ಕೇಳಿ ಕೇಳಿ, ಅಲ್ಲಿ ಗಾಳಿ ತುಂಬಿಕೊಂಡಿದ್ದೆ. ಈಗ ನನಗೆ ಎರಡೂ ಚಿತ್ರ ನೆನಪಿವೆ. ಮೊದಲನೆಯದು ನಿಜ ಎನ್ನಲು ನನ್ನ ಬಳಿ ಇರುವ ಆಧಾರ, ಅದು ಮೊದಲನೆಯದು ಎಂಬುದಷ್ಟೇ.

ಅವ್ವನನ್ನು ಒಂದು ಸಲ ಕೇಳಿದೆ, ಅಪ್ಪನಿಗೆ ಹೇಳಿಬಿಡು ಎಂದು. ಅವಳು ಜೋಳ ಕೇರುತ್ತಿದ್ದಳು. ಹೇಳಿದರೆ ಅವನು ಹೋಗಿ ಎಲ್ಲರ ಮುಂದೆ ಹೇಳಬೇಕಾಗುತ್ತದೆ, ಆಗ ಅಷ್ಟೂ ಮನೆಯಲ್ಲಿ ಜಗಳ ಬೀಳುತ್ತದೆ ಅಂದಳು. ಸ್ವಲ್ಪ ಹೊತ್ತು ಕೇರಿ, ಅವನೇನು ನಮ್ಮ ಕೈ ನೋಡಿದ್ದನಾ ಅಂದಳು. ಇಷ್ಟರಲ್ಲಿ ಯಾವುದು ಕಾರಣ, ಯಾವುದು ಸೇಡು ಎಂದು ನನಗೆ ಬೇರ್ಪಡಿಸಲು ಆಗಲಿಲ್ಲ. ಅವಳು ಅಪ್ಪನ ಊಟಕ್ಕೆ ಮೊದಲಿಗಿಂತ ಹೆಚ್ಚು ಬೆಣ್ಣೆ ಹಾಕುತ್ತಿದ್ದಳು ಎಂಬುದನ್ನು ಮಾತ್ರ ನೋಡಿದ್ದೇನೆ.

ನಾಲ್ಕು ವರ್ಷಕ್ಕೇ ಮುಂದಿನ ಚುನಾವಣೆ ಬಂತು. ಈ ಸಲ ಸಾಹೇಬರೇ ಬಂದರು, ಮಗನನ್ನೂ ಕರೆದುಕೊಂಡು. ಹೋದ ಸಲದ ಅರ್ಧ ಅವರನ್ನು ಕಾಡಿರಬೇಕು. ಕೋಲು ಊರಿಕೊಂಡು, ಕಾರಿನಿಂದ ಬೇವಿನ ತನಕ ನಡೆಯಲು ಬಹಳ ಹೊತ್ತು ತೆಗೆದುಕೊಂಡರು. ಮಂಡಿನೋವಿಗೆಂದು ವೈದ್ಯರು ಹೇಳಿದ ಮೆತ್ತನೆ ಅಟ್ಟೆಯ ಚಪ್ಪಲಿ, ಹಿಂದೆ ಪಟ್ಟಿ ಇದ್ದದ್ದು. ಬಗ್ಗಿ ಬಿಚ್ಚಲು ಆಗಲಿಲ್ಲ. ಮಗ ಫೋನಿನಲ್ಲಿದ್ದ. ಅಪ್ಪ ಹೆಂಗಸರ ನಡುವಿನಿಂದ ಮುಂದೆ ಬಂದು, ಕುಕ್ಕರುಗಾಲಲ್ಲಿ ಕೂತು ಆ ಪಟ್ಟಿ ಬಿಚ್ಚಿದ.

ಸಾಹೇಬರು ಅವನ ತಲೆಯ ಮೇಲಿಂದ ಕೇಳಿದರು:

"ಇಲ್ಲ್ಯಾಕಪ್ಪ ನಿಂತೀಯ? ಒಳಗೆ ಬರಲ್ವಾ?"

ಅಪ್ಪ ಚಪ್ಪಲಿ ಜೋಡಿಸಿ ನೆರಳಿಗೆ ಸರಿಸಿದ. ರೊಪ್ಪದ ಬಾಗಿಲಲ್ಲಿ ಯಜಮಾನ ಕೈಮುಗಿದು ನಿಂತಿದ್ದ, ಈ ಸಲ ಕೈ ಇಡಲು ಅವನೇ ಸಿದ್ಧನಾಗಿದ್ದ. ಆಗ ನನ್ನ ಪಕ್ಕದಿಂದ ಅವ್ವನ ದನಿ ಬಂತು. ಜೋರಾಗಿರಲಿಲ್ಲ, ನೀರಿನ ಸರದಿಯಲ್ಲಿ ಯಾರಿಗೋ ಹೇಳುವಂತೆ.

"ಗಂಡಸ್ರು ಕೊಟ್ಟ ಮಾತು ಗಂಡಸ್ರು ಉಳಿಸ್ಕೊಂಡ್ರು ಸಾಹೇಬ್ರೆ. ಒಂದೂ ತಪ್ಪಿಲ್ಲ. ನಮ್ಮನ್ನ ಯಾರು ಮಾತು ಕೇಳಿದ್ರು? ನಮಗೆ ಕೊಪ್ಪರಿಗೆ ತೊಳೆಯಾಕೆ ಕೊಟ್ರಿ."

ಸಾಹೇಬರು ತಿರುಗಿದರು. ಯಾವ ಕೊಪ್ಪರಿಗೆ ಎಂದರು. ಅವರ ಮುಖ ನೋಡಿದರೆ ನಿಜಕ್ಕೂ ಗೊತ್ತಿರಲಿಲ್ಲ, ಅಥವಾ ಅಷ್ಟು ವರ್ಷದ ಅಭ್ಯಾಸ ಆ ಮುಖಕ್ಕೆ ಇತ್ತು. ಕಾಲುಚೀಲದ ಮುದುಕಿಯೇ ಎರಡು ಮಾತಿನಲ್ಲಿ ಹೇಳಿ ಮುಗಿಸಿದಳು, ಟೆಂಪೊ, ಕೋಳಿ, ಏಳು ಸಲ. ಹೇಳುವಾಗ ಅರ್ಧಕ್ಕರ್ಧ ತೆಲುಗು ಬಂತು. ಸಾಹೇಬರು ಮಗನನ್ನು ನೋಡಿದರು. ಅವನು ಫೋನು ಜೇಬಿಗಿಟ್ಟು, ಹುಡುಗರು ಯಾರೋ ಮಾಡಿರಬೇಕು ಅಂದ.

ಸಾಹೇಬರು ಬರಿಗಾಲಲ್ಲಿ, ಒಂದು ಕಾಲು ಬಾಗಿಲ ಕಲ್ಲಿನ ಮೇಲಿಟ್ಟು ನಿಂತೇ ಇದ್ದರು. ಒಳಗೆ ಎತ್ತುಗಳ ಗಂಟೆ ಕೇಳುತ್ತಿತ್ತು. ಅವರು ಆ ಕಾಲು ಹಿಂದಕ್ಕೆ ತೆಗೆದರು.

"ಹಂಗಾದ್ರೆ ಇವತ್ತು ಮಾತು ಬ್ಯಾಡ," ಅಂದರು.

ಅವಮಾನದಿಂದ ಅಂದರೋ, ಮರ್ಯಾದೆಯಿಂದ ಅಂದರೋ, ಇಲ್ಲಿ ಇನ್ನೇನೂ ಗಿಟ್ಟುವುದಿಲ್ಲ ಎಂದು ಲೆಕ್ಕ ಹಾಕಿ ಅಂದರೋ, ಇವತ್ತಿಗೂ ನನಗೆ ತಿಳಿಯದು. ಕಾವಲಿನ ಮಾತನ್ನು ಅವರು ಎತ್ತಲಿಲ್ಲ. ಕಾವಲಿನ ಸುತ್ತ ಸರ್ಕಾರದ ಗೋಡೆ ಬರುತ್ತದಂತೆ ಎಂಬ ಸುದ್ದಿ ಆಗಲೇ ಕಿಲಾರಿಯ ಕಿವಿಗೆ ಬಿದ್ದಿತ್ತು. ಹಾಗಾಗಿ ಆ ದಿನ ಎತ್ತಿನ ಮೇಲೆ ಕೈ ಇಡದೆ ಹೋಗುವುದು ಅವರಿಗೂ ಅನುಕೂಲವೇ ಆಗಿದ್ದಿರಬಹುದು. ಅಪ್ಪ ಮತ್ತೆ ಕುಕ್ಕರುಗಾಲಲ್ಲಿ ಕೂತು ಚಪ್ಪಲಿಯ ಪಟ್ಟಿ ಹಾಕಿದ. ಅವರು ಅವನ ಭುಜದ ಮೇಲೆ ಕೈಯೂರಿ ನಿಂತರು. ಆ ಕೈ ಪೂರ್ತಿ ಊರಿತ್ತು. ಇದನ್ನು ಅವತ್ತೇ, ಆ ವರ್ಷದ ಇನ್ನೊಂದು ದಿನಚರಿಯಲ್ಲಿ ಬರೆದಿದ್ದೇನೆ.

ಕಾರು ಹೋದ ಮೇಲೆ ಗಂಡಸರು ತಂತಮ್ಮ ಹೆಂಡಂದಿರ ಕಡೆ ನೋಡುತ್ತಿದ್ದರು, ಹೊಸದಾಗಿ ನೋಡುವವರಂತೆ. ಕೊನೆಗೆ ಯಜಮಾನ ಬಾಗಿಲಿಂದ ಎರಡು ಹೆಜ್ಜೆ ಆಚೆ ಬಂದ.

"ಬಾರಪ್ಪ ಒಳಗೆ. ಎತ್ತು ಕಾಯ್ತಾ ಐತೆ."

ಅಪ್ಪ ತನ್ನ ಚಪ್ಪಲಿ ಬಿಚ್ಚಿದ. ನಾನು ಅವ್ವನ ಕಡೆ ನೋಡಿದೆ, ಅವಳು ಅಪ್ಪನ ಕಾಲನ್ನೇ ನೋಡುತ್ತಿದ್ದಳು. ಬಿಚ್ಚಿದ ಚಪ್ಪಲಿಯ ಮೇಲೆ ಅವನು ಕೂತುಕೊಂಡ, ಬೇವಿಗೆ ಬೆನ್ನು ಕೊಟ್ಟು.

"ಇಲ್ಲಿ ನೆರಳೈತೆ ಬಿಡು," ಅಂದ.

ಅವ್ವ ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿದಳು.

ಆ ಸಲ ಸಾಹೇಬರು ಸೋತರು. ನಮ್ಮ ಬೂತಿನ ಲೆಕ್ಕ ಓದಲು ನನ್ನನ್ನು ಯಾರೂ ಕರೆಯಲಿಲ್ಲ. ಅಪ್ಪನಿಗೆ ಪ್ರವಾಸಿ ಮಂದಿರದಲ್ಲೇ ಎಲ್ಲ ತಿಳಿದಿತ್ತು ಎಂದು ನಾನು ನಂಬಿದ್ದೇನೆ. ತಿಳಿದೇ ನಾಲ್ಕು ವರ್ಷ ನಮ್ಮ ಜೊತೆ ಹೊರಗೆ ನಿಂತ ಎಂದೂ ನಂಬಿದ್ದೇನೆ, ಹಾಗೆ ನಂಬಿದರೆ ಹಾಳೆ ಮಡಿಸಿದ ನನ್ನ ಕೈಗೆ ಭಾರ ಕಡಿಮೆಯಾಗುತ್ತದೆ. ಅದಕ್ಕೇ ಅದನ್ನು ಪೂರ್ತಿ ನಂಬುವುದಿಲ್ಲ. ಅವನನ್ನು ನೇರ ಕೇಳಿದ್ದು ಒಮ್ಮೆ ಮಾತ್ರ, ಯಾವಾಗ ಗೊತ್ತಾಯಿತಪ್ಪಾ ಎಂದು. ಅವನು ಮತದಾರರ ಹೊಸ ಪಟ್ಟಿಯಲ್ಲಿ ಸತ್ತವರ ಹೆಸರು ಹೊಡೆಯುತ್ತಿದ್ದ. ಪೆನ್ಸಿಲು ನಿಲ್ಲಿಸದೆ ಹೇಳಿದ:

"ಪಟ್ಟಿ ಬರ್ದೋನು ನಾನಲ್ವೇನವ್ವಾ."